ಗೌಡರನ್ನು ಎತ್ತು ಮಾಡಿದ ಫಕೀರವ್ವ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತದೆ, ಎರೆಭೂಮಿಯ ನಡುವೆ ಒಂದು ಊರಿತ್ತು. ಬೇರೆ ಯಾವುದೋ ಊರಲ್ಲ, ನಮ್ಮದೇ ಮಾಗಿಹಾಳ. ಆ ಕಾಲದಲ್ಲಿ ಇಲ್ಲಿ ಮನುಷ್ಯರಿಗಿಂತ ಎತ್ತುಗಳಿಗೇ ಮರ್ಯಾದೆ ಹೆಚ್ಚಿತ್ತಂತೆ. ಮಗು ಹುಟ್ಟಿದರೆ ಕಲ್ಲ ಎಂದೋ ಗುಂಡ ಎಂದೋ ಬಾಯಿಗೆ ಬಂದದ್ದನ್ನು ಕರೆದು ಮುಗಿಸುತ್ತಿದ್ದರು. ಎತ್ತು ತಂದರೆ ಮಾತ್ರ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತು, ತಲೆ ಕೆರೆದುಕೊಂಡು, ಸಾರಂಗ, ಹೊನ್ನಯ್ಯ ಎಂದು ಚಂದದ ಹೆಸರು ಹುಡುಕುತ್ತಿದ್ದರು. ಶೇಂಗಾ ಸುಲಿಯುತ್ತ ಕೇಳಿ. ಸುಲಿದದ್ದನ್ನು ಬುಟ್ಟಿಗೆ ಹಾಕಿ, ಬಾಯಿಗಲ್ಲ.

ಆ ಊರಲ್ಲಿ ಫಕೀರವ್ವ ಎಂಬ ಹೆಂಗಸಿದ್ದಳು. ನೊಗ ಉಜ್ಜಿ ಎತ್ತಿನ ಹೆಗಲು ಬಾತರೆ, ಬಾತದ್ದು ಕೀವುಗಟ್ಟಿದರೆ, ಅದನ್ನು ಮಾಗಿಸಿ ಒಡೆಸಿ ವಾಸಿ ಮಾಡುವುದು ಅವಳ ಕೆಲಸ. ಅವಳು ಬೀದಿಯಲ್ಲಿ ನಡೆದು ಹೋಗುವಾಗ ಗೋಡೆಯಾಚೆ ಕಟ್ಟಿದ ಎತ್ತಿನ ಹೆಗಲಲ್ಲಿ ಕೀವಿದೆಯೋ ಬರೀ ಬಾವಿದೆಯೋ ಮೂಗಿನಲ್ಲೇ ಹೇಳುತ್ತಿದ್ದಳಂತೆ. ಅವಳ ಹೆಬ್ಬೆರಳು ಕಂಡರೆ ಸಾಕು, ಕೀವು ತಾನೇ ದಾರಿ ಹುಡುಕಿಕೊಂಡು ಹೊರಗೆ ಬಂದು ನಿಲ್ಲುತ್ತಿತ್ತಂತೆ. ಇದು ನನ್ನ ಮಾತಲ್ಲ. ಹಿಂದಿನವರು ಹೇಳಿದ್ದು, ನಾನು ಹೇಳುತ್ತೇನೆ. ನೀವು ನಂಬಿದರೂ ಸರಿ, ಬಿಟ್ಟರೂ ಸರಿ, ಫಕೀರವ್ವನಿಗೆ ಏನೂ ಆಗಬೇಕಾಗಿಲ್ಲ.

ಅವಳದು ಬಾಯಿ ಜೋರು. ಎತ್ತನ್ನು ಒಂದು ಮಾತು ಬೈದವಳಲ್ಲ, ಎತ್ತಿನ ಮಾಲೀಕನನ್ನು ಬೈಯದೆ ಔಷಧಿಗೆ ಕೈ ಹಾಕಿದವಳೂ ಅಲ್ಲ. ಎಂಥ ದೊಡ್ಡವರಾದರೂ ಎತ್ತು ಹಿಡಿದುಕೊಂಡು ಅವಳ ಮುಂದೆ ನಿಂತರೆ ಏಕವಚನವೇ. 'ತಮ್ಮಾ, ನೀ ಏನ್ ಮಾಡಿ ಇದರ ಹೆಗಲು ಹಿಂಗ ಮಾಡಿದಿ ಅನ್ನೋದು ಮೊದಲು ಹೇಳು' ಎಂದೇ ಶುರುವಾಗುತ್ತಿತ್ತಂತೆ. ತನ್ನ ವಿದ್ಯೆಯ ಬಗ್ಗೆ ಸಂಕೋಚ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನನ್ನಂಥವಳು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಿದರೆ ನೋಡೋಣ ಎಂದು ಬಾವಿಕಟ್ಟೆಯಲ್ಲಿ ನಿಂತು ಹೇಳುತ್ತಿದ್ದಳಂತೆ.

ಆದರೆ ಒಂದು ಕಟ್ಟುಪಾಡಿತ್ತು. ಅವಳಿಗೆ ಈ ವಿದ್ಯೆ ಕೊಟ್ಟವಳು ಅವಳ ಅತ್ತೆ. ಆ ಮುದುಕಿ ಸಾಯುವ ಮುಂಚೆ ಸೊಸೆಯ ಹೆಬ್ಬೆರಳು ಹಿಡಿದು ಕೈಗುಣ ಒಪ್ಪಿಸಿ, ಒಂದು ಮಾತು ತೆಗೆದುಕೊಂಡಿದ್ದಳು. ಈ ಕೈ ಎತ್ತಿಗೆ ಮಾತ್ರ, ಮನುಷ್ಯರಿಗೆ ಮುಟ್ಟಿಸಬೇಡ, ಮುಟ್ಟಿಸಿದರೆ ಗುಣ ಬಿಟ್ಟುಹೋಗುತ್ತದೆ ಎಂದು. ಯಾಕೆಂದರೆ ಎತ್ತು ಸುಮ್ಮನೆ ನಿಲ್ಲುತ್ತದೆ. ಮನುಷ್ಯ ಸುಮ್ಮನಿರುತ್ತಾನೆಯೇ? ಇಲ್ಲಿ ಒತ್ತು, ಅಲ್ಲಿ ಒತ್ತಬೇಡ, ನಮ್ಮ ಸೋದರಮಾವನಿಗೂ ಹೀಗೇ ಆಗಿತ್ತು, ಅವನು ಸಗಣಿ ಮೆತ್ತಿಕೊಂಡಿದ್ದ, ನೀನೂ ಮೆತ್ತು, ಎನ್ನುತ್ತಾನೆ. ಸ್ವಲ್ಪ ಹಗುರಾದ ಕೂಡಲೇ ಪಟ್ಟು ಕಿತ್ತೊಗೆದು ಸಂತೆಗೆ ಹೋಗುತ್ತಾನೆ. ಅಂಥವರನ್ನು ಮುಟ್ಟಿದ ಕೈಗೆ ಎಲ್ಲಿಯ ಗುಣ ಉಳಿಯುತ್ತದೆ ಎನ್ನುವುದು ಮುದುಕಿಯ ವಾದವಂತೆ. ಫಕೀರವ್ವ ತನ್ನ ಸ್ವಂತ ಗಂಡನ ಬೆನ್ನ ಮೇಲಿನ ಕುರುವನ್ನೂ ಮುಟ್ಟಿರಲಿಲ್ಲ. ಅವನು ಅದನ್ನು ಹೊತ್ತುಕೊಂಡೇ ತಿರುಗಿದನಂತೆ, ಪಾಪ.

ಇನ್ನು ಗೌಡರು. ಅಂದಾನಗೌಡರು ಊರಿಗೆ ಹಿರಿಯರು. ಕೆಟ್ಟವರಲ್ಲ, ಆದರೆ ಮಾತು ವಿಪರೀತ. ಅವರ ದನಿ ಎಂಥದ್ದೆಂದರೆ, ಅವರು ಚಾವಡಿಯಲ್ಲಿ ಮಾತಿಗೆ ಕೂತರೆ ನಮ್ಮೂರ ಜೋಳದ ಹೊಲದ ಗುಬ್ಬಿಗಳು ಎದ್ದು ಪಕ್ಕದೂರಿನ ಹೊಲಕ್ಕೆ ಹೋಗುತ್ತಿದ್ದವಂತೆ. ನಮ್ಮೂರಲ್ಲಿ ಯಾರೂ ಕವಣೆ ಹಿಡಿದು ಹೊಲ ಕಾಯುತ್ತಿರಲಿಲ್ಲ. ಗೌಡರು ಮಾತಾಡುತ್ತಿದ್ದರು, ಅಷ್ಟೇ ಸಾಕಾಗಿತ್ತು. ಪಕ್ಕದ ಕುಂಟನಾಳದವರಿಗೆ ಇದೇ ಸಿಟ್ಟು. ಗುಬ್ಬಿಯೆಲ್ಲ ತಮ್ಮ ಮೇಲೆ ಬೀಳುತ್ತವೆ ಎಂದು ಅವರ ಗೌಡ ಕರಿಬಸನಗೌಡ ಹಲ್ಲು ಕಡಿಯುತ್ತಿದ್ದನಂತೆ.

ಒಂದು ಸಲ ಗೌಡರ ಎತ್ತು ಸಾರಂಗನ ಹೆಗಲು ಬಾತಿತು. ಫಕೀರವ್ವ ಬಂದು ನೋಡಿ, ಕೀವು ತೆಗೆದು, ಒಳಗಿಂದ ಮಾಯುವ ತನಕ ನೊಗ ಮುಟ್ಟಿಸಬೇಡ ಎಂದು ಹೇಳಿ ಹೋದಳು. ಮೇಲೆ ಚರ್ಮ ಕೂಡಿದ್ದೇ ತಡ, ಗೌಡರು ಎತ್ತನ್ನು ಮತ್ತೆ ಹೂಡಿದರು. ಫಕೀರವ್ವ ಸೀದಾ ಚಾವಡಿಗೆ ಬಂದಳು. ಜನ ತುಂಬಿದ್ದರು.

'ಮ್ಯಾಲ ಮಾಯ್ದದ್ದು ಮಾಯ್ದದ್ದಲ್ಲ, ಗೌಡ್ರ. ಒಳಗ ಇನ್ನಾ ಹಸಿ ಐತಿ' ಎಂದಳು.

'ಎತ್ತಿಗೆ ಹೆಗಲು ದೇವರು ಕೊಟ್ಟಿದ್ದ ನೊಗ ಹೊರಾಕ. ಅದಕ್ಕೆಂಥಾ ನೋವಬೇ?' ಎಂದರು ಗೌಡರು.

'ಒಂದ್ ಸಲ ನೀವ ಹೊತ್ತು ನೋಡ್ರಿ, ತಿಳೀತೈತಿ.'

ಅಷ್ಟು ಹೇಳಿ ಅವಳು ಮನೆಗೆ ಹೋಗಿದ್ದರೆ ನನ್ನ ಕಥೆಯೇ ಇರುತ್ತಿರಲಿಲ್ಲ. ಅವಳು ಹೋಗಲಿಲ್ಲ, ಸೊಂಟದ ಮೇಲೆ ಕೈ ಇಟ್ಟು ನಿಂತಳು. ಸುತ್ತ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರಿಗೆ ರೋಷ ಬಂತು. ಬರಿಗಾಡಿ ತರಿಸಿ, ಒಂದು ಕಡೆ ಸಾರಂಗನ ಜೋಡೆತ್ತು ಹೊನ್ನಯ್ಯನನ್ನು ಹೂಡಿಸಿ, ಇನ್ನೊಂದು ಕಡೆ ನೊಗದ ಕೆಳಗೆ ತಾವೇ ಕತ್ತು ಕೊಟ್ಟರಂತೆ. ನಾಲ್ಕು ಹೆಜ್ಜೆ ಚೆನ್ನಾಗಿಯೇ ಹೋಯಿತು. ಗೌಡರು ಮೀಸೆ ಬೇರೆ ತಿರುವಿದರು. ಅಷ್ಟರಲ್ಲಿ ಯಾರದೋ ಮನೆಯಲ್ಲಿ ಹತ್ತಿಕಾಳು ರುಬ್ಬುವ ಸಪ್ಪಳ ಕೇಳಿತು. ಹೊನ್ನಯ್ಯನಿಗೆ ಹತ್ತಿಕಾಳು ಎಂದರೆ ಪ್ರಾಣ. ಅದು ಬಾಲ ಎತ್ತಿ ಓಡಿತು. ಗೌಡರೂ ಓಡಲೇಬೇಕಾಯಿತು. ಓಡಿದರು, ಎಡವಿದರು, ನೊಗ ತಿರುಗಿತು, ನೊಗದ ಗೂಟ ದವಡೆಯ ಕೆಳಗೆ ಕತ್ತಿಗೆ ಚುಚ್ಚಿ ಮುರಿಯಿತು.

ಗೌಡರು ಎದ್ದರು. ಧೂಳು ಕೊಡವಿಕೊಂಡರು. 'ಏನೂ ಆಗಿಲ್ಲ' ಎಂದು ರುಮಾಲನ್ನು ಕತ್ತಿಗೆ ಸುತ್ತಿಕೊಂಡು ಮನೆಗೆ ಹೋದರು. ಗಾಯ ಸಣ್ಣದು, ಬೆರಳ ತುದಿಯಷ್ಟು. ಬೇಗ ಮಾಯಿತು. ಗೌಡರು ಅದನ್ನು ಎಲ್ಲರಿಗೂ ತೋರಿಸಿ, ನೋಡ್ರಲೇ, ಎತ್ತಾದರೆ ಮಲಗಿಬಿಡುತ್ತಿತ್ತು ಎಂದರಂತೆ.

ಆಮೇಲೆ ಅವರ ದನಿ ದಪ್ಪವಾಯಿತು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಹಾಗೆ ಮಾತಾಡತೊಡಗಿದರು. ಆಮೇಲೆ ಅದೂ ನಿಂತಿತು.

ಊರಿಗೆ ಮೊದಲು ಖುಷಿಯೇ ಆಯಿತಂತೆ, ಮುಚ್ಚಿಡುವುದೇನು. ಪಂಚಾಯಿತಿಗೆ ಕೂತವರು ಊಟದ ಹೊತ್ತಿಗೆ ಮನೆ ಸೇರಿದರು. ಎಷ್ಟೋ ವರ್ಷದಿಂದ ಗೌಡರ ಎದುರು ಒಂದು ಮಾತು ಪೂರ್ತಿ ಆಡದವರು ಆಡಿ ಮುಗಿಸಿ, ಇನ್ನೇನು ಹೇಳುವುದೆಂದು ತಿಳಿಯದೆ ಪಿಳಿಪಿಳಿ ನೋಡಿದರು. ಆದರೆ ಗುಬ್ಬಿಗಳಿಗೂ ಸುದ್ದಿ ಮುಟ್ಟಿತು. ಕುಂಟನಾಳದ ಗುಬ್ಬಿಯೆಲ್ಲ ಹಿಂಡುಗಟ್ಟಿ ನಮ್ಮೂರ ತೆನೆಯ ಮೇಲೆ ಬಿದ್ದವು. ಆಗ ಜನ, ಅಯ್ಯೋ ಗೌಡರಿಗೆ ಏನಾಯಿತು ಎಂದು ಕೇಳತೊಡಗಿದರು.

ಆಗಿದ್ದು ಹೆದರುವಂಥದ್ದೇ. ಗೌಡರಿಗೆ ಮೈ ಸುಡುವ ಜ್ವರ. ಬಾಯಿ ಒಂದು ಬೆರಳಿನಷ್ಟೂ ತೆರೆಯಲು ಬಾರದು. ಉಗುಳು ನುಂಗಲಾಗದೆ ಜೊಲ್ಲು ಎದೆಗಿಳಿಯುತ್ತಿತ್ತು. ಕತ್ತು ತಿರುಗದು, ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು. ಬಂದವರೆಲ್ಲ ಒಂದೊಂದು ಔಷಧಿ ಹೇಳಿದರು. ಒಬ್ಬರು ಮೆಣಸಿನ ಕಷಾಯ, ಒಬ್ಬರು ಹೊಗೆ, ಒಬ್ಬರು ತಾಯಿತ. ಇನ್ನೊಬ್ಬ ಬುದ್ಧಿವಂತ, ಒಣರೊಟ್ಟಿಯ ದೊಡ್ಡ ತುತ್ತು ನುಂಗಿಸಿದರೆ ಗಂಟಲಲ್ಲಿ ಏನೇ ಇದ್ದರೂ ತಳ್ಳಿಕೊಂಡು ಹೋಗುತ್ತದೆ ಎಂದು ಹೇಳಿ, ನುಂಗಿಸಲು ಹೋಗಿ, ಬೆರಳ ತುದಿ ಕಚ್ಚಿಸಿಕೊಂಡನಂತೆ. ಮನುಷ್ಯರಿಗೆ ಮದ್ದು ಕೊಡುವ ವೈದ್ಯರಿದ್ದದ್ದು ಎರಡು ಹೊಳೆಯಾಚೆ. ಗಾಡಿಯಲ್ಲಿ ಕರೆದೊಯ್ಯೋಣವೆಂದು ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಕೂತು, ಮುಂದಕ್ಕೆ ಬಾಗಿ, ಎರಡೂ ಕೈ ನೆಲಕ್ಕೂರಿ ಉಸಿರು ಎಳೆಯುತ್ತಿದ್ದರು. ಆ ಸಪ್ಪಳ ಕೇಳಿ ಅವರ ಹೆಂಡತಿ ಸಂಕವ್ವನ ಎದೆ ಒಡೆಯಿತು. ಎಷ್ಟು ಸಲ ಇವರ ಬಾಯಿಗೊಂದು ಬೀಗ ಬೀಳಲಿ ಎಂದು ಬೇಡಿಕೊಂಡಿದ್ದೆನೋ, ದೇವರು ಕೇಳಿಸಿಕೊಂಡನಲ್ಲಪ್ಪ ಎಂದು ಅತ್ತಳಂತೆ.

ಅಳು ಮುಗಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಫಕೀರವ್ವನ ಮನೆಗೆ ಹೋದಳು.

'ಯವ್ವಾ, ನನ್ನ ಗಂಡನ್ನ ಉಳಿಸಿ ಕೊಡು' ಎಂದಳು.

ಫಕೀರವ್ವನ ಬಾಯಿಂದ ಅಂದು ಜೋರು ಮಾತು ಬರಲಿಲ್ಲವಂತೆ. 'ಅವ್ವಾರ, ನನ್ನ ನಾಲಿಗಿನ ಅವರನ್ನ ನೊಗಕ್ಕ ಹಚ್ಚಿದ್ದು. ನನಗೂ ಕರುಳೈತಿ. ಆದ್ರ ಈ ಕೈ ಮನಷ್ಯಾರ್ನ ಮುಟ್ಟಿದ್ರ ನಾಳೆ ಊರಿನ ಎತ್ತಿಗೆ ಯಾರು?' ಎಂದು ಕೈ ಚಾಚಿ ತೋರಿಸಿದಳು. ಬರೀ ಒಂದು ಹೆಬ್ಬೆರಳು, ಅದೂ ವಕ್ರ. ಆದರೆ ಇಡೀ ಊರಿನ ಬೇಸಾಯ ಅದರ ಮೇಲಿತ್ತು.

ಊರವರನ್ನು ಕೇಳಿದರೆ ಅವರು ಏನು ಹೇಳಿಯಾರು? ಗೌಡರು ಸಾಯಲಿ ಎನ್ನಲು ಯಾರಿಗೂ ಬಾಯಿ ಬಾರದು. ಎತ್ತು ಸಾಯಲಿ ಎನ್ನಲು ಮನಸ್ಸು ಬಾರದು. ಎಲ್ಲರೂ ನೆಲ ನೋಡುತ್ತ ಕಡ್ಡಿಯಲ್ಲಿ ಮಣ್ಣು ಕೆದಕಿದರು. ಸಂಕವ್ವ ಅವರನ್ನೆಲ್ಲ ಒಂದು ಸುತ್ತು ನೋಡಿ ಮನೆಗೆ ಹೋದಳು. ಕೊಟ್ಟಿಗೆಗೆ ಹೋಗಿ ಒಂದು ಹಗ್ಗ ತೆಗೆದುಕೊಂಡಳು. ಅದನ್ನು ಗಂಡನ ಕೊರಳಿಗೆ ಸಡಿಲಾಗಿ ಹಾಕಿ, ಸೊಂಟ ಹಿಡಿದು ನಡೆಸಿಕೊಂಡು, ಹಗಲು ಹೊತ್ತಿನಲ್ಲಿ, ಊರೆಲ್ಲ ನೋಡುವಂತೆ, ಫಕೀರವ್ವನ ಅಂಗಳಕ್ಕೆ ತಂದು ನಿಲ್ಲಿಸಿದಳು.

'ನಮ್ಮ ಎತ್ತಿಗೆ ಆರಾಮಿಲ್ಲ, ನೋಡಬೇ ಫಕೀರವ್ವ' ಎಂದಳು.

ಜನ ಅಂಗಳದ ಸುತ್ತ ಇನ್ನಷ್ಟು ಹತ್ತಿರ ಸರಿದರು.

ಫಕೀರವ್ವ ಒಂದು ಸುತ್ತು ಬಂದು ನೋಡಿದಳು. ಎತ್ತು ಹೌದೋ ಅಲ್ಲವೋ ಎನ್ನುವುದನ್ನು ತಾನೊಬ್ಬಳೇ ಹೇಳಲಾಗದು, ಊರು ಹೇಳಬೇಕು ಎಂದಳು. ಊರಲ್ಲಿ ಎತ್ತು ನೋಡುವುದರಲ್ಲಿ ಮುದುಕ ದ್ಯಾಮಣ್ಣ ಎತ್ತಿದ ಕೈ. ಸುಳಿ ನೋಡಿ ಎತ್ತಿನ ಹಣೆಬರಹ ಹೇಳುವವನು. ಅವನನ್ನು ಕರೆದರು. ದ್ಯಾಮಣ್ಣನಿಗೆ ಕೆಲಸ ಎಂದರೆ ಕೆಲಸ. ಅವನು ಗೌಡರ ರುಮಾಲು ತೆಗೆದು ನೆತ್ತಿಯ ಸುಳಿ ನೋಡಿದ. ಬಹಳ ಹೊತ್ತು ನೋಡಿದ. 'ಸುಳಿ ಸುಮಾರು. ನಾನಾಗಿದ್ರ ತರತಿರಲಿಲ್ಲ' ಎಂದ. ಗೌಡರ ಕಣ್ಣು ಕೆಂಪಾಯಿತು, ತಲೆ ಅಲ್ಲಾಡಿಸಿದರು. 'ಹಾಯೋ ಗುಣಾನೂ ಐತಿ' ಎಂದ ದ್ಯಾಮಣ್ಣ. ಸಂಕವ್ವ, ಏನು ಮಾಡುವುದು ಕಾಕಾ, ನಮ್ಮಪ್ಪ ನೋಡಿ ಕಟ್ಟಿದ್ದು, ಈಗ ಬಿಡಲಿಕ್ಕೆ ಬರುತ್ತದೆಯೇ ಎಂದಳಂತೆ. ನಗಬಾರದ ಹೊತ್ತು, ಆದರೂ ಜನ ನಕ್ಕರು.

ಹಲ್ಲು ನೋಡಿ ಪ್ರಾಯ ಹೇಳುತ್ತೇನೆಂದು ದ್ಯಾಮಣ್ಣ ಬಾಯಿ ಬಿಡಿಸಲು ಹೋದ. ಬಾಯಿ ತೆರೆಯಲಿಲ್ಲ. ಗೌಡರ ಕಣ್ಣಿಂದ ನೀರು ಬಂತು. ಆಗ ಫಕೀರವ್ವನ ಮುಖ ಬದಲಾಯಿತಂತೆ. ದವಡೆ ಹೀಗೆ ಬಿಗಿದಿದೆ ಎಂದರೆ ಕೀವು ಚರ್ಮದ ಕೆಳಗಿಲ್ಲ, ಆಳದಲ್ಲಿದೆ, ಗಂಟಲಿನ ಪಕ್ಕಕ್ಕೇ ಇದೆ. ಒಳಗೆ ಒಡೆದರೆ ಉಸಿರಿನ ದಾರಿಗೆ ಇಳಿಯುತ್ತದೆ. ತಡ ಮಾಡುವ ಹೊತ್ತಲ್ಲ ಎಂದು ಅವಳಿಗೆ ತಿಳಿಯಿತು.

'ಊರಾಗಿನ ಮಂದೀನೂ ಕೇಳ್ರಿ, ಎತ್ತೂ ಕೇಳಲಿ. ಎತ್ತು ಅಂದ ಮ್ಯಾಲ ಎತ್ತು. ಗಾಯ ಒಳಗಿಂದ ಮಾಯೋ ತನಕ ಇದನ್ನ ಯಾರೂ ಗೌಡ್ರ ಅನ್ನಬಾರದು. ಇದರ ಬಾಯಿಂದ ಒಂದ ಒಂದು ಮಾತು ಬಂದ್ರೂ ನಾ ಮನಷ್ಯಾನ್ನ ಮುಟ್ಟಿಧಂಗ. ನನ್ನ ಕೈ ಹೋತು. ನನ್ನ ಕೈ ಹೋದ್ರ ಊರಿನ ಹೆಗಲು ಹೋತು.'

ಹೂಂ ಎಂದಿತು ಊರು. ಕೊರಳಿಗೆ ಗಂಟೆ ಕಟ್ಟಿದರು. ಹಿರಿಯರು ಅಲ್ಲೇ ಕೂತು, ತಲೆ ಕೆರೆದುಕೊಂಡು, ಗುಡುಗ ಎಂದು ಹೆಸರಿಟ್ಟರು. ಇನ್ನು ಮೇಲೆ ನಾನೂ ಗೌಡರು ಎನ್ನುವುದಿಲ್ಲ, ಫಕೀರವ್ವನ ಕೈಯ ಪ್ರಶ್ನೆ.

ಗುಡುಗನನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ ಸಾರಂಗನ ಪಕ್ಕದಲ್ಲಿ ಕೂರಿಸಿದರು. ಫಕೀರವ್ವ ತನ್ನ ರೂಢಿಯಂತೆ ಮಾಲೀಕನನ್ನು ಬೈಯಲು ಶುರು ಮಾಡಿದಳು. ಮಾಲೀಕಳು ಈಗ ಸಂಕವ್ವ. ಎಂಥ ಮೂರ್ಖ ಎತ್ತು ಕಟ್ಟಿಕೊಂಡಿದ್ದಿ, ಹೇಳಿದ ಮಾತು ಕೇಳುವುದಿಲ್ಲವೇ ಇದು, ಇದರ ಸೊಕ್ಕು ಎಷ್ಟು ಎಂದೆಲ್ಲ ಬೈದಳು. ಸಂಕವ್ವ ಪ್ರತಿ ಮಾತಿಗೂ, ಹೌದು ಯವ್ವಾ, ಮೊದಲಿಂದಲೂ ಹಿಂಗೇ, ಎಷ್ಟು ಹೇಳಿದರೂ ಅಷ್ಟೇ ಎಂದು ತಲೆಯಾಡಿಸಿದಳು. ಗುಡುಗ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡುತ್ತಿತ್ತು, ಪ್ರತಿ ಸಲವೂ ಇಡೀ ಮೈ ತಿರುಗಿಸಿ.

ಬೈಯುತ್ತಲೇ ಅವಳು ಕೆಲಸ ಮಾಡುತ್ತಿದ್ದಳು. ಜೋಳದ ಹಿಟ್ಟು, ಅರಿಶಿನ, ಸುಟ್ಟ ಉಳ್ಳಾಗಡ್ಡಿ ಕೂಡಿಸಿ ಬಿಸಿ ಪಟ್ಟು ಹಾಕಿದಳು. ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತಂದು, ತಲೆ ಪಕ್ಕಕ್ಕೆ ವಾಲಿಸಿ, ಹಲ್ಲಿನ ಸಂದಿಯಲ್ಲಿ ಗಂಜಿಯನ್ನು ಹನಿ ಹನಿಯಾಗಿ ಬಿಟ್ಟಳು. ಹೆಬ್ಬೆರಳಿನಿಂದ ಕತ್ತು ತಡವಿದಳು. ಕಲ್ಲಿನ ಹಾಗೆ ಗಟ್ಟಿ. ಇನ್ನೂ ಮಾಗಿಲ್ಲ. ಮತ್ತೆ ಪಟ್ಟು, ಮತ್ತೆ ತಡವಿದಳು. ಸಾರಂಗ ತನ್ನ ಒರಟು ನಾಲಿಗೆಯಿಂದ ಗುಡುಗನ ಬೆನ್ನು ನೆಕ್ಕಿತಂತೆ. ತನ್ನ ಹಸಿ ಹೆಗಲಿನ ಮೇಲೆ ನೊಗ ಇಟ್ಟವನು ಇವನೇ ಎಂದು ಅದಕ್ಕೆ ಗೊತ್ತಿತ್ತೋ ಇಲ್ಲವೋ. ಗುಡುಗ ಆ ಎತ್ತಿನ ಹೆಗಲಿನ ಗಾಯವನ್ನು ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿತು. ನೋಡಿ ಕಣ್ಣು ಕೆಳಗೆ ಮಾಡಿತು.

ಮರುದಿನ ಬೆಳಿಗ್ಗೆ ಉಸಿರು ಎಳೆಯುವಾಗ ಕೊರಳ ಗುಂಡಿ ಒಳಗೆ ಹೋಗತೊಡಗಿತು. ತುಟಿ ನೀಲಿಯಾಯಿತು. ಸಂಕವ್ವ ಹಗ್ಗ ಬಿಟ್ಟು ಫಕೀರವ್ವನ ಕಾಲು ಹಿಡಿದಳು. ಫಕೀರವ್ವ ಕತ್ತು ತಡವಿದಳು. ಹಳೆಯ ಗಾಯದ ಕಲೆಯ ಹತ್ತಿರ ಒಂದು ಕಡೆ, ಒಂದೇ ಕಡೆ, ಹೆಬ್ಬೆರಳು ಸ್ವಲ್ಪ ತಗ್ಗಿತು.

'ತಲಿ ಗ್ವಾದಲಿಗೆ ಬಗ್ಗಸ್ರಿ! ಕೀವು ಕೆಳಗ ಬೀಳಬೇಕು, ಒಳಗ ಇಳೀಬಾರದು!' ಎಂದು ಕೂಗಿದಳು.

ಮೇವು ಹಾಕುವ ಗೋದಲಿಯ ಮೇಲೆ ತಲೆ ಬಗ್ಗಿಸಿ ಹಿಡಿದರು. ಅವಳು ಗೋಣಿ ಹೊಲಿಯುವ ದಬ್ಬಣವನ್ನು ಕೆಂಡದಲ್ಲಿ ಕಾಯಿಸಿ, ಅತ್ತೆಯ ಹೆಸರು ಹೇಳಿ, ಕಲೆಯ ಮೇಲೆ ಇಳಿಸಿದಳು. ಬಂತು ನೋಡಿ ಕೀವು! ನಮ್ಮಜ್ಜಿ ಒಂದು ಬಟ್ಟಲು ಎನ್ನುತ್ತಿದ್ದಳು. ಅವಳ ತಂಗಿ ಒಂದು ಕೊಡ ಎನ್ನುತ್ತಿದ್ದಳು. ನೀವು ನಿಮ್ಮ ಮೊಮ್ಮಕ್ಕಳಿಗೆ ಒಂದು ಕೆರೆ ಎನ್ನುತ್ತೀರಿ, ನನಗೆ ಗೊತ್ತು. ಆ ಕೀವಿನ ಜೊತೆ ಒಂದು ಕಟ್ಟಿಗೆಯ ಚೂರು ಹೊರಗೆ ಬಂತು. ಮುರಿದ ಗೂಟದ ಸಿಬಿರು. ಅಷ್ಟು ದಿನ ಒಳಗೇ ಕೂತಿತ್ತು. ಗುಡುಗ ಒಂದು ಉದ್ದ ಉಸಿರು ಎಳೆದುಕೊಂಡಿತು. ಆ ಉಸಿರಿನ ಸಪ್ಪಳ ಕೇಳಿ ಸಂಕವ್ವ ನೆಲಕ್ಕೆ ಕೂತುಬಿಟ್ಟಳು.

ಫಕೀರವ್ವ ಗಾಯದೊಳಗೆ ಬಟ್ಟೆಯ ಬತ್ತಿ ಇಟ್ಟಳು, ಗಾಯದ ಬಾಯಿ ಮುಚ್ಚದೆ ತಳದಿಂದ ತುಂಬಿಕೊಂಡು ಬರಲಿ ಎಂದು. ದಿನಾ ಬತ್ತಿ ಬದಲಿಸಿದಳು. ಜ್ವರ ಇಳಿಯಿತು. ಬಾಯಿ ತೆರೆಯಿತು. ಗಂಜಿ ಹೋಗಿ ಮುದ್ದೆಯಾದ ಅನ್ನ ಬಂತು. ಗಂಟಲಲ್ಲಿ ದನಿ ಮರಳುತ್ತಿದೆ ಎಂದು ಕೆಮ್ಮಿನಲ್ಲೇ ಎಲ್ಲರಿಗೂ ತಿಳಿಯಿತು. ಆಗ ಊರಿಗೆ ನಿಜವಾದ ಭಯ ಹುಟ್ಟಿತು. ಇಷ್ಟು ಮಾತಾಡುವ ಪ್ರಾಣಿ, ದನಿ ಬಂದ ಮೇಲೂ ಗಾಯ ಮಾಯುವ ತನಕ ಸುಮ್ಮನಿದ್ದೀತೇ? ಸಂಕವ್ವ ಹಗ್ಗ ಹಿಡಿದು ಪಕ್ಕದಲ್ಲೇ ಕೂತಳು. ದಾರಿಯಲ್ಲಿ ಹೋಗುವವರು ಕೊಟ್ಟಿಗೆಯ ಮುಂದೆ ಬಂದಾಗ ಉಸಿರು ಬಿಗಿಹಿಡಿದು ಹೆಜ್ಜೆ ಹಾಕುತ್ತಿದ್ದರಂತೆ, ಎಲ್ಲಿ ಮಾತಿಗೆ ಎಳೆದಂತಾಗುತ್ತದೋ ಎಂದು.

ಈ ಸುದ್ದಿ ಕುಂಟನಾಳಕ್ಕೆ ಹೋಗದೆ ಇರುತ್ತದೆಯೇ? ಕರಿಬಸನಗೌಡ ಗಾಡಿ ಕಟ್ಟಿಕೊಂಡು ಬಂದೇಬಿಟ್ಟ. ಎರಡೂರಿನ ನಡುವೆ ಒಂದು ಹುಲ್ಲುಗಾವಲಿತ್ತು, ನಮ್ಮೂರ ದನ ಮೇಯುವ ಜಾಗ. ಅವನಿಗೆ ಅದರ ಮೇಲೆ ಮೊದಲಿಂದಲೂ ಕಣ್ಣು. ಊರ ಗೌಡ ಬಾಯಿ ತೆರೆದು ಬೇಡ ಎಂದರೆ ಹೊರಗಿನವರು ಕಾಲಿಡುವಂತಿಲ್ಲ, ಅನ್ನದಿದ್ದರೆ ಒಪ್ಪಿದಂತೆ, ಅದು ಆಗಿನ ರೀತಿ. ಅವನು ಚಾವಡಿಯ ಮುಂದೆ ಗಾಡಿಯ ಮೇಲೆಯೇ ನಿಂತ.

'ನಿಮ್ಮ ಗೌಡ ಎಲ್ಲದಾನ್ರಲೇ? ಹುಲ್ಲುಗಾವಲು ಇವತ್ತಿಂದ ನಮ್ಮದು. ಬ್ಯಾಡ ಅನ್ನೋ ಗಂಡಸಿದ್ರ ಬಂದು ಒಂದು ಮಾತು ಆಡ್ಲಿ!' ಎಂದು ಕೂಗಿದ.

ಕೊಟ್ಟಿಗೆಯಲ್ಲಿ ಗಂಟೆ ಸದ್ದಾಯಿತು. ಗುಡುಗ ಎದ್ದಿತು. ಸಂಕವ್ವ ಹಗ್ಗ ಎಳೆದಳು, ನಿಲ್ಲಲಿಲ್ಲ, ಅವಳನ್ನೂ ಎಳೆದುಕೊಂಡೇ ಚಾವಡಿಗೆ ಬಂತು. ಕೊರಳಲ್ಲಿ ಗಂಟೆ, ಕತ್ತಿನಲ್ಲಿ ಬತ್ತಿ, ಮೈಮೇಲೆ ಒಂದೆರಡು ಹುಲ್ಲುಕಡ್ಡಿ. ಕರಿಬಸನಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ. ಊರೆಲ್ಲ ಸೇರಿತ್ತು. ಫಕೀರವ್ವನೂ ಇದ್ದಳು, ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು. ಅವಳಿಗೆ ಅದೊಂದೇ ಬದುಕು. ಮಾತಾಡಿದರೆ ಅವಳ ಕೈ ಹೋಯಿತು, ಆಡದಿದ್ದರೆ ಹುಲ್ಲುಗಾವಲು ಹೋಯಿತು. ಎತ್ತುಗಳಿಗೆ ಎರಡೂ ಬೇಕು.

ಗುಡುಗ ಕರಿಬಸನಗೌಡನನ್ನು ನೋಡಿತು. ಫಕೀರವ್ವನನ್ನು ನೋಡಿತು. ಅವಳ ಕಣ್ಣು ತುಂಬಿತ್ತಂತೆ, ಅವಳ ಕಣ್ಣಲ್ಲಿ ನೀರು ಕಂಡವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಗುಡುಗ ನಿಧಾನವಾಗಿ ಎರಡೂ ಕೈ ನೆಲಕ್ಕೆ ಊರಿತು. ತಲೆ ತಗ್ಗಿಸಿತು. ಕಾಲಲ್ಲಿ ಒಂದು ಸಲ ಮಣ್ಣು ಕೆರೆಯಿತು. ಬಾಯಿ ತೆರೆಯಿತು.

'ಅಂಬಾ...!' ಎಂದಿತು.

ಎಂಥ ದನಿ! ಇಷ್ಟು ದಿನ ಒಳಗೆ ಕಟ್ಟಿಕೊಂಡಿದ್ದ ದನಿಯೆಲ್ಲ ಒಂದೇ ಸಲಕ್ಕೆ 'ಅಂಬಾ' ಆಗಿ ಬಂತು. ಚಾವಡಿಯ ಹೆಂಚು ಅದುರಿದವಂತೆ. ಹೊಲದ ಗುಬ್ಬಿಗಳು ಮೋಡದ ಹಾಗೆ ಎದ್ದು ಕುಂಟನಾಳದ ಕಡೆ ಹೋದವು. ಕರಿಬಸನಗೌಡನ ಗಾಡಿಯ ಎತ್ತುಗಳಿಗೆ ಅದರಲ್ಲಿ ಏನು ಕೇಳಿಸಿತೋ, ಅವು ಗಾಡಿಯನ್ನೂ ಮೇಲೆ ನಿಂತಿದ್ದ ಗೌಡನನ್ನೂ ಎಳೆದುಕೊಂಡು, ಗುಬ್ಬಿಗಳ ಹಿಂದೆಯೇ ಓಡಿದವು. ಹುಲ್ಲುಗಾವಲಿನ ಮಾತನ್ನು ಆ ಊರವರು ಮತ್ತೆ ಎತ್ತಲಿಲ್ಲ. ಮುದುಕ ದ್ಯಾಮಣ್ಣ ಮಾತ್ರ ಗಡ್ಡ ಕೆರೆದುಕೊಂಡು, ಎತ್ತು ಹೀಗೆ ಕೂಗುವುದಿಲ್ಲ, ಕೊನೆಗೆ ಸ್ವಲ್ಪ ಎಮ್ಮೆಯ ರಾಗ ಬಂತು ಎಂದನಂತೆ. ಅವನ ಬಾಯಿ ಮುಚ್ಚಿಸಿದರು.

ಗಾಯ ಒಳಗಿಂದ ಮಾಯಿತು. ಸಂಕವ್ವ ಹಗ್ಗ ಬಿಚ್ಚಿದಳು, ಬಿಚ್ಚುವುದಕ್ಕೆ ಸ್ವಲ್ಪ ತಡ ಮಾಡಿದಳು ಎನ್ನುವವರೂ ಇದ್ದಾರೆ. ಎತ್ತು ಮತ್ತೆ ಅಂದಾನಗೌಡರಾಯಿತು. ಇಷ್ಟು ದಿನದ ಮಾತೆಲ್ಲ ಈಗ ಬರುತ್ತದೆ ಎಂದು ಜನ ಕಿವಿ ಮುಚ್ಚಿಕೊಳ್ಳಲು ಸಿದ್ಧರಾದರು. ಗೌಡರು ಆಡಿದ್ದು ಒಂದೇ ಮಾತಂತೆ. 'ಸಾರಂಗನ್ನ ಹೂಡಬ್ಯಾಡ್ರಿ' ಎಂದರು. ಆಮೇಲೆ ಯಾವ ಎತ್ತಿನ ಹೆಗಲಲ್ಲಿ ಹಸಿ ಇದೆಯೋ ಅದಕ್ಕೆ ನೊಗ ಇಟ್ಟವನು ತಮ್ಮ ಮುಂದೆ ಬಂದು ನಿಲ್ಲಬೇಕು ಎಂದು ಊರಿಗೆಲ್ಲ ಡಂಗುರ ಸಾರಿಸಿದರು. ಆ ಸಂಜೆಯೇ ಫಕೀರವ್ವನ ಅಂಗಳಕ್ಕೆ ಹೆಗಲು ಬಾತ ಒಂದು ಹೋರಿ ಬಂತು. ಊರೆಲ್ಲ ಕುತ್ತಿಗೆ ಚಾಚಿ ನಿಂತಿತು. ಅವಳು ಹೆಬ್ಬೆರಳು ಒತ್ತಿದಳು. ಕೀವು ಹೊರಗೆ ಬಂದು ನಿಂತಿತು. ಕೈ ಹೋಗಿರಲಿಲ್ಲ.

ಇನ್ನು ಊರ ಹೆಂಗಸರು ಬಿಟ್ಟಾರೆಯೇ? ಯಾರ ಗಂಡನಿಗೆ ಕುರುವಾಗಲಿ, ಹಲ್ಲಿನ ಬುಡ ಊದಲಿ, ಕಾಲು ಉಳುಕಲಿ, ಕೊರಳಿಗೆ ಹಗ್ಗ ಹಾಕಿ ಹೊಡೆದುಕೊಂಡು ಬಂದರು. ಆ ವರ್ಷ ಮಾಗಿಹಾಳದಲ್ಲಿ ಗಂಡಸರಿಗಿಂತ ಎತ್ತುಗಳೇ ಹೆಚ್ಚಾಗಿದ್ದವಂತೆ. ಫಕೀರವ್ವನ ಗಂಡನೂ ತಾನೇ ಹಗ್ಗ ಹಿಡಿದುಕೊಂಡು ಬಂದು ಸಾಲಿನಲ್ಲಿ ನಿಂತ, ಬೆನ್ನಿನ ಕುರುವಿಗೆ. ಒಂದು ದಿನ ಒಬ್ಬ ಹೆಂಗಸು ಮೊಲೆಬಾವು ಎಂದು ಬಂದು, ನನ್ನನ್ನು ಎತ್ತು ಮಾಡಲು ಯಾರೂ ಇಲ್ಲವಲ್ಲ ಎಂದು ಬಾಗಿಲಲ್ಲೇ ನಿಂತು ಅತ್ತಳಂತೆ. ಫಕೀರವ್ವ ಅವಳನ್ನು ಕೈಹಿಡಿದು ಒಳಗೆ ಕರೆದಳು.

'ಹೆಣ್ಮಕ್ಕಳಿಗೆ ಹಗ್ಗಾನೂ ಬ್ಯಾಡ, ಗಂಟೀನೂ ಬ್ಯಾಡ, ಬಾರವ್ವ. ನಿಮ್ಮ ಹೆಗಲಿಗೆ ನೊಗ ಮೊದಲ ಐತಿ' ಎಂದಳಂತೆ.

ಈಗ ಫಕೀರವ್ವ ಇಲ್ಲ. ಅಂಥ ಹೆಬ್ಬೆರಳೂ ಇಲ್ಲ. ಈಗ ಗಂಟಲು ಬಾತರೆ, ಕತ್ತಿಗೆ ಪೆಟ್ಟಾದರೆ, ಜ್ವರ ಬಂದು ನುಂಗಲಾಗದಿದ್ದರೆ ನಮ್ಮೂರವರು ತಾಲೂಕು ಆಸ್ಪತ್ರೆಗೆ ಹೋಗುತ್ತಾರೆ, ಹೋಗಲೇಬೇಕು. ಆದರೆ ಗಂಡಸು ಹೊರಟರೆ ಮನೆಯ ಹೆಂಗಸು ಅವನ ಕೊರಳಿಗೆ ಒಂದು ದಾರದಲ್ಲಿ ಸಣ್ಣ ಗಂಟೆ ಕಟ್ಟುತ್ತಾಳೆ. ಕಟ್ಟಿದ ಮೇಲೆ ಅವನು ತನಗೆ ಏನಾಗಿದೆ, ಯಾವ ಸೂಜಿ ಬೇಕು, ಅವನ ಸೋದರಮಾವ ಏನು ಮೆತ್ತಿಕೊಂಡಿದ್ದ ಎಂದು ತುಟಿ ಎರಡು ಮಾಡುವಂತಿಲ್ಲ. ಹೇಳುವುದೆಲ್ಲ ಅವಳೇ. ಬೈಸಿಕೊಳ್ಳುವುದೂ ಅವಳೇ, ಪಾಪ, ಆದರೆ ಬೈಸಿಕೊಳ್ಳುವಾಗ ಅವಳ ಮುಖದಲ್ಲಿ ಏನೋ ಒಂದು ನಗು ಇರುತ್ತದೆ.

ಆಸ್ಪತ್ರೆಗೆ ಹೊಸ ಡಾಕ್ಟರು ಬಂದಾಗ ಮಾತ್ರ ಸ್ವಲ್ಪ ಕಷ್ಟ. ಅವರು ದೀಪ ಹಿಡಿದು, ಬಾಯಿ ತೆರೆಯಿರಿ, 'ಆ' ಅನ್ನಿ ಎನ್ನುತ್ತಾರೆ. ಮೊನ್ನೆಯೂ ಹಾಗೇ ಆಯಿತು. ನಮ್ಮೂರವನೊಬ್ಬ ದೊಡ್ಡದಾಗಿ ಬಾಯಿ ತೆರೆದು ಆಸ್ಪತ್ರೆಯೆಲ್ಲ ಕೇಳುವಂತೆ 'ಅಂಬಾ' ಎಂದ. ಡಾಕ್ಟರ ಕೈಯಿಂದ ದೀಪ ಬಿತ್ತು. ಹಳೆಯ ನರ್ಸಮ್ಮ ಅದನ್ನು ಎತ್ತಿಕೊಟ್ಟು ಹೇಳಿದಳಂತೆ:

'ಗಾಬರಿ ಆಗಬ್ಯಾಡ್ರಿ ಸಾಹೇಬ್ರ, ಇವರು ಮಾಗಿಹಾಳದವರು.'